ಪದ ಬೇಕು: ಕಳೆ ಕೊಲ್ಲುವ ಶಿಲೀಂಧ್ರಕ್ಕೆ ಏನೆನ್ನೋಣ?

ಪ್ರಶ್ನೆ (ತೀರ್ಥಹಳ್ಳಿ)

ಬಂಧುಗಳೇ, ರೈತರಿಗಾಗಿ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ವಿಷಯ ಮೈಕೋಹರ್ಬಿಸೈಡ್. ಭತ್ತವನ್ನು ಬಿಟ್ಟು ಗದ್ದೆಯ ಕಳೆಗೆ ಮಾತ್ರ ರೋಗ ತರಿಸುವ ಶಿಲೀಂಧ್ರದ ಬೀಜಕಗಳನ್ನು (ಸ್ಪೋರ್) ನೀರಿನಲ್ಲಿ ಕದಡಿ ಸಿಂಪಡಿಸುತ್ತಾರೆ. ಅಮೆರಿಕದಲ್ಲಿ 1982ರಲ್ಲೇ ಕೊಲ್ಲೆಗೋ ಎಂಬ ಹೆಸರಿನಲ್ಲಿ ಇಂಥದ್ದೊಂದು ನೋಂದಣಿಯಾಗಿ, ಭತ್ತ ಮತ್ತು ಸೋಯಾ ಬೆಳೆಯಲ್ಲಿ ಏಳುವ ಒಂದು ದ್ವಿದಳ ಕಳೆಗೆ ಬಳಕೆಯಾಯಿತು. ನಾನು "ಶಿಲೀಂಧ್ರ ಕಳೆನಾಶಕ" ಎಂದು ಬರೆದೆ. ಕರಡು ಓದಿದ ನೆರೆಮನೆಯವರು, "ಓಹೋ, ಕೊಳೆಗೂ ಆಯಿತು, ಕಳೆಗೂ ಆಯಿತು" ಎಂದರು; ಅಡಿಕೆಯ ಕೊಳೆರೋಗಕ್ಕೂ ಇದೇ ಔಷಧಿ ಎಂದುಕೊಂಡರು. ಬೇರೆ ಪದ ಇದೆಯೇ?

ಸಾಗರದಿಂದ

ಮೊದಲಿಗೆ, ಕಳೆನಾಶಕ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. "ಕಳೆಗೊಲ್ಲಿ" ಎನ್ನಿ. ಶಿಲೀಂಧ್ರಕ್ಕೆ "ಬೂಷ್ಟು" ಸಾಕು. ಕಿತ್ತು ಕಳೆಯಬೇಕಾದದ್ದೇ ಕಳೆ. ತಮಿಳಿನ ಕಳೈ ನೋಡಿ. ಇಷ್ಟು ಗಟ್ಟಿ ಬೇರಿರುವ ಪದಕ್ಕೆ ಸಂಸ್ಕೃತದ ಬಾಲ ಏಕೆ?

ಶಿವಮೊಗ್ಗದಿಂದ

ಬೂಷ್ಟು ಉಪ್ಪಿನಕಾಯಿಯ ಮೇಲೆ ಬರುವುದು. ಇನ್ನು ಕಳೆಗೊಲ್ಲಿ ಎಂದರೆ ಮುಖದ ಕಳೆ ಕೊಲ್ಲುವ ಕ್ರೀಮು ಎಂದುಕೊಂಡಾರು. ಶಿಲೀಂಧ್ರ ನಿನ್ನೆ ಮೊನ್ನೆ ಕಚೇರಿಯಲ್ಲಿ ಹುಟ್ಟಿದ ಪದವಲ್ಲ. ಮೇಘದೂತದಲ್ಲಿ ಮೋಡ ಗುಡುಗಿದಾಗ ನೆಲದಿಂದ ಏಳುವುದು ಶಿಲೀಂಧ್ರವೇ. ಗುಡುಗಿದರೆ ಅಣಬೆ ಏಳುತ್ತದೆ ಎಂದು ನಮ್ಮವರು ಹೇಳುವುದೂ ಅದನ್ನೇ.

ಸಾಗರದಿಂದ

ಕಾಳಿದಾಸ ಗದ್ದೆಗೆ ಔಷಧಿ ಹೊಡೆದವನಲ್ಲ.

ಕೊಪ್ಪದಿಂದ

ಅರಿಸಮಾಸ ಹಾಗಿರಲಿ. ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕ: ನಾಶಕದ ಹಿಂದೆ ಕುಳಿತದ್ದೆಲ್ಲ ಸಾಯುವಂಥದ್ದು. ಕೊಲ್ಲುವುದನ್ನೂ ತಂದು ಅಲ್ಲೇ ಕೂರಿಸಿದರೆ ಓದುವವರು ಅದನ್ನೂ ಸಾಯುವ ಸಾಲಿಗೆ ಸೇರಿಸುತ್ತಾರೆ. ನೆರೆಮನೆಯವರ ತಪ್ಪೇನೂ ಇಲ್ಲ. ಮಲೆನಾಡಿನಲ್ಲಿ ಇದು ಬರೀ ವ್ಯಾಕರಣದ ಮಾತೂ ಅಲ್ಲ. ಮುಂಗಾರಿಗೆ ಮುಂಚೆ ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್ ಬೆರೆಸಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತೇವೆ. ಅದು ಶಿಲೀಂಧ್ರನಾಶಕ. ತಳದಲ್ಲಿ ನೀಲಿ ಗಷ್ಟು ಉಳಿದ ಆ ಡ್ರಮ್ಮಿನಲ್ಲೇ ಬೀಜಕ ಕದಡಿದರೆ ಕಳೆಗಿಂತ ಮೊದಲು ಬೀಜಕವೇ ಸತ್ತೀತು. ಸಮಾಸ ಬಿಡಿಸಿ, ತೃತೀಯಾ ವಿಭಕ್ತಿ ಉಳಿಸಿ: "ಶಿಲೀಂಧ್ರದಿಂದ ಕಳೆ ಹತೋಟಿ".

ಸಾಗರದಿಂದ

ಹತೋಟಿ ಮರಾಠಿಯಿಂದ ಬಂದದ್ದು.

ಶಿವಮೊಗ್ಗದಿಂದ

ಹಾಗಾದರೆ ಕೊಳೆರೋಗದ "ರೋಗ" ಎಲ್ಲಿಂದ ಬಂತು, ಸ್ವಾಮಿ? ಕಾಫಿಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಕುಕ್ ಇಟ್ಟ ಹೆಸರೇ ಪೆಲಿಕ್ಯುಲೇರಿಯಾ ಕೊಳೆರೋಗ. ನಿಮ್ಮ ಅರಿಸಮಾಸ ವಿಜ್ಞಾನದ ಹೆಸರಿನಲ್ಲೇ ಕಾಲು ಚಾಚಿ ಕುಳಿತಿದೆ. ಅವರು ನಮ್ಮಿಂದ ಪದ ತೆಗೆದುಕೊಳ್ಳುವಾಗ ಮಡಿ ನೋಡಲಿಲ್ಲ.

ಸಾಗರದಿಂದ

ಕೊಳೆರೋಗ ತೋಟದವರ ಬಾಯಲ್ಲಿ ಬೆಳೆದ ಪದ. ಕಳೆನಾಶಕ ಡಬ್ಬಿಯ ಚೀಟಿಯಲ್ಲಿ ಬಂದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರೊಡನೆ ವಾದವಿಲ್ಲ.

ಕೊಪ್ಪದಿಂದ

ವಾದವಿಲ್ಲ ಎಂದವರಿಂದ ಇದು ನಾಲ್ಕನೆಯ ಓಲೆ. ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ಈಗ ನಿಜವಾದ ಶಿಲೀಂಧ್ರಗಳ ಜೊತೆ ಸೇರಿಸುವುದಿಲ್ಲ. ಅದೇ ಕುಲದ ಒಂದು ಪ್ರಭೇದವನ್ನು ಫ್ಲಾರಿಡಾದ ಕಿತ್ತಳೆ ತೋಟಗಳಲ್ಲಿ ಒಂದು ಬಳ್ಳಿಕಳೆಯ ಮೇಲೆ ಬಿಡಲು 1981ರಲ್ಲಿ ಒಪ್ಪಿಗೆ ಸಿಕ್ಕಿತ್ತು. ನಮ್ಮಲ್ಲಿ ಗದ್ದೆಯ ಅಂಚಿಗೇ ತೋಟ. ಆದ್ದರಿಂದ ಕರಪತ್ರದಲ್ಲಿ "ಬೆಳೆಗೆ ತೊಂದರೆಯಿಲ್ಲ" ಎಂದು ತೇಲಿಸಿ ಬರೆಯಬೇಡಿ. ಯಾವ ಶಿಲೀಂಧ್ರ, ಯಾವ ಕಳೆಗೆ, ಯಾವ ಬೆಳೆಯಲ್ಲಿ ಎಂದು ಹೆಸರು ಹಿಡಿದು ಬರೆಯಿರಿ.

ತೀರ್ಥಹಳ್ಳಿಯಿಂದ

ಎಲ್ಲರಿಗೂ ವಂದನೆ. ತಲೆಬರಹ "ಶಿಲೀಂಧ್ರದಿಂದ ಕಳೆ ಹತೋಟಿ" ಎಂದಾಯಿತು. ಕೆಳಗೆ ದಪ್ಪಕ್ಷರದಲ್ಲಿ "ಬೋರ್ಡೋ ಕಲಸಿದ ಡ್ರಮ್ಮಿನಲ್ಲಿ ಇದನ್ನು ಕದಡಬೇಡಿ" ಎಂದು ಹಾಕಿಸುತ್ತೇನೆ. ಈಗ ನೆರೆಮನೆಯವರು ಬೀಜಕವನ್ನು ಬಿತ್ತನೆ ಬೀಜ ಎಂದು ಓದಿದ್ದಾರೆ. ಅದಕ್ಕೂ ಒಂದು ಪದ ಇಂದು ರಾತ್ರಿಯೊಳಗೆ ಬೇಕು.

ಸಾಗರದಿಂದ

"ಬೂಷ್ಟಿನ ಪುಡಿ" ಎನ್ನಿ.