ಸಹಾಯ ಬೇಕು: ಅಮ್ಮನ ಜೊತೆ ಒಂದು ಗಂಟೆ ಕೂತು ಮಾತಾಡುವವರು (ಲಿಂಗರಾಜಪುರ, ಬೆಂಗಳೂರು)

ಎಲ್ಲರಿಗೂ ಪ್ರಭುವಿನಲ್ಲಿ ವಂದನೆಗಳು. ಅಮ್ಮನಿಗೆ ಮಂಡಿ ಆಪರೇಷನ್ ಆಗಿ 3 ವಾರ ಆಯ್ತು. ಹೇಳಿಕೊಟ್ಟ ವ್ಯಾಯಾಮ ಬಿಟ್ಟರೆ ಉಳಿದ ಹೊತ್ತು ಕಾಲು ಎತ್ತರದಲ್ಲಿಟ್ಟು ಆರಾಮಾಗಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಅಮ್ಮ ಕೇಳುತ್ತಿಲ್ಲ. ನಿನ್ನೆ ಬೆಳಿಗ್ಗೆ 5 ಗಂಟೆಗೆ ನೋಡಿದರೆ ವಾಕರನ್ನು ಗೋಡೆಗೆ ಒರಗಿಸಿ, ಒಂದು ಕೈಯಲ್ಲಿ ಸಿಂಕ್ ಹಿಡಿದು ಪಾತ್ರೆ ತೊಳೆಯುತ್ತಿದ್ದರು. ಕಾಲು ಊದಿಕೊಂಡಿತ್ತು. "ಸುಮ್ನೆ ಮಲಗಿದ್ರೆ ದೇವರಿಗೆ ಏನು ಉತ್ತರ ಕೊಡ್ಲಿ?" ಅಂದರು. 40 ವರ್ಷ ಸ್ತ್ರೀಯರ ಕೂಟ, ಸಂಡೇ ಸ್ಕೂಲ್ ಅಂತ ಓಡಾಡಿದ ಜೀವ ಅದು.

ಬೈಬಲಿನ 1 ಅರಸುಗಳು 19ನೇ ಅಧ್ಯಾಯ ನೋಡಿ. ಪ್ರವಾದಿ ಎಲೀಯ ಸೋತು ಗಿಡದ ಕೆಳಗೆ ಮಲಗಿದಾಗ ದೇವದೂತ ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ! ಎರಡನೇ ಸಲ ಎಬ್ಬಿಸಿದಾಗಲೂ ಮೊದಲು ಊಟ, ಆಮೇಲೆ ಪ್ರಯಾಣ. ಆದರೆ ಇದನ್ನು ಮಗಳು ನಾನು ಹೇಳಿದರೆ ಅಮ್ಮನಿಗೆ ನಾಟುವುದಿಲ್ಲ.

ಲಿಂಗರಾಜಪುರ, ಕಮ್ಮನಹಳ್ಳಿ ಕಡೆ ಇದೇ ಆಪರೇಷನ್ ಆಗಿ ಸುಧಾರಿಸಿಕೊಂಡ ಆಂಟಿಯರು ಯಾರಾದರೂ ಇದ್ದೀರಾ? ಸಂಜೆ ಬಂದು ಕನ್ನಡದಲ್ಲಿ ಈ ವಾಕ್ಯ ಓದಿ, ನಿಮ್ಮ ಅನುಭವ ಹೇಳಿದರೆ ಸಾಕು. ಕರೆದುಕೊಂಡು ಹೋಗಿ ಬಿಡುವುದು ನನ್ನ ಜವಾಬ್ದಾರಿ. ರಾತ್ರಿ ಪಾತ್ರೆ ತೊಳೆದು ಹೋಗುವವರು ಗೊತ್ತಿದ್ದರೂ ದಯವಿಟ್ಟು ಮೆಸೇಜ್ ಮಾಡಿ.