ಮರು: ಪದಚರ್ಚೆ – ‘ಆಟಮ್ ಗ್ರೇನ್ ಸಲಾಡ್’ಗೆ ಕನ್ನಡ, ಸಂಜೆಯೊಳಗೆ ಬೇಕು

> ಕಾರವಾರದಲ್ಲಿ ಪರಿಚಯದವರೊಬ್ಬರ ಸಸ್ಯಾಹಾರಿ ಹೋಟೆಲಿಗೆ ಬೋರ್ಡು ಬರೆಸುತ್ತಿದ್ದೇನೆ. ಬೇಯಿಸಿದ ಇಡೀ ಗೋಧಿ, ಹುರಿದ ಸಿಹಿಗುಂಬಳ, ಗೋಡಂಬಿ, ಲಿಂಬೆರಸ. ‘ಶರತ್ಕಾಲದ ಧಾನ್ಯ ಕೋಸಂಬರಿ’ ಅಂದರೆ ಸರಿಯಾಗುತ್ತದಾ? ಪೇಂಟರ್ ಸಂಜೆ ಬರುತ್ತಾರೆ.

ನಮಸ್ಕಾರ. ಈ ಚರ್ಚೆಯಲ್ಲಿ ಬೇರೆಯವರು ಕೊಟ್ಟ ಸಲಹೆಗಳಿಗೂ ಸೇರಿಸಿ ಉತ್ತರಿಸುತ್ತಿದ್ದೇನೆ.

ಕೋಸಂಬರಿ ಅಂತ ದಯವಿಟ್ಟು ಬರೆಸಬೇಡಿ. ಕೋಸಂಬರಿಗೆ ಒಲೆ ಬೇಕಾಗುವುದು ಒಗ್ಗರಣೆಗೆ ಮಾತ್ರ. ಹೆಸರುಬೇಳೆ ನೆನೆಯುತ್ತದೆ, ಬೇಯುವುದಿಲ್ಲ. ಸೌತೆಕಾಯಿ ಹಸಿ, ಕಾಯಿತುರಿ ಹಸಿ. ‘ಹಶಿ’ ಅನ್ನಿ ಎಂದು ಶಿರಸಿ ಕಡೆಯವರೊಬ್ಬರು ಬರೆದಿದ್ದಾರೆ. ಹಶಿಗೆ ಮೊಸರು ಬೇಕು. ಇಲ್ಲಿ ಮೊಸರೆಲ್ಲಿದೆ?

ಇದಕ್ಕೆ ಹೆಸರು ಗುಗ್ಗರಿ. ಕಾಳನ್ನು ಒಡೆಯದೆ, ಬೀಸದೆ, ಇಡಿಯಾಗಿ ಬೇಯಿಸಿದರೆ ಗುಗ್ಗರಿ. ಗೋಧಿ, ಜೋಳ, ಹುರುಳಿ, ಕಡಲೆ ಯಾವುದಾದರೂ ಆದೀತು. ಅದು ಘಟ್ಟದ ಮೇಲಿನ ಮಾತು, ಕರಾವಳಿಯಲ್ಲಿ ‘ಉಸ್ಲಿ’ ಅಂತಾರೆ ಎಂಬ ಆಕ್ಷೇಪ ಬಂದಿದೆ. ಉಸ್ಲಿ ಹೆಸರುಕಾಳು, ಕಡಲೆಯಂಥವುಗಳದ್ದು, ಅಲ್ವಾ? ಗೋಧಿಗೆ ಆ ಮಾತು ನಾನಂತೂ ಕೇಳಿಲ್ಲ.

‘ಕಾಳ್ಗಲಸು’ (ಕಾಳು + ಕಲಸು) ಎಂಬ ಸಲಹೆ ಬೇಡವೇ ಬೇಡ. ಸಂಧಿ ಸರಿಯಿದೆ, ಅಡುಗೆ ತಪ್ಪು. ಕಲಸಿದ್ದು ಅಂದರೆ ಒಂದಕ್ಕೊಂದು ಅಂಟಿ ಮೆತ್ತಗಾದದ್ದು. ಇದರಲ್ಲಿ ಕಾಳು ಬಿಡಿಬಿಡಿಯಾಗಿಯೇ ಇರಬೇಕು. ಗೋಧಿಯನ್ನು ರಾತ್ರಿಯೇ ನೆನೆಸಿ, ಮರುದಿನ ಬೇಯಿಸಿ, ನೀರು ಬಸಿದು ಅಗಲ ತಟ್ಟೆಯಲ್ಲಿ ಹರವುತ್ತಾರೆ. ಬಿಸಿ ಆರುವ ಮುಂಚೆ ಲಿಂಬೆರಸ, ಉಪ್ಪು ಬಿದ್ದರೆ ಕಾಳು ಒಳಗೆಳೆದುಕೊಳ್ಳುತ್ತದೆ. ಹುರಿದ ಸಿಹಿಗುಂಬಳದ ತುಂಡುಗಳನ್ನು ಕೊನೆಗೆ ಹಾಕಿ ಮೇಲೆ ಕೆಳಗೆ ಮಾಡುವುದಷ್ಟೇ. ಅದನ್ನು ಕಲಸಿದರೆ ಹೋಳು ಉಳಿಯುವುದಿಲ್ಲ.

‘ಧಾನ್ಯಗುಗ್ಗರಿ’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಸಮಾಸ, ಎಂದವರಿಗೆ: ಹೌದು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಅರಿಸಮಾಸ ಬೇಡ ಎಂದವನು. ಹಿಂದಿನ ಕವಿಗಳು ಬಳಸಿದ್ದಕ್ಕೂ ಬಿರುದುಗಳಿಗೂ ವಿನಾಯಿತಿ ಕೊಟ್ಟವನೂ ಅವನೇ. ಅರಿಸಮಾಸವೇ ಬೇಡ ಎಂದು ಹಿಡಿದರೆ ‘ಸಿರಿಧಾನ್ಯ’ವೂ ನಿಲ್ಲುವುದಿಲ್ಲ. 2023ನ್ನು ಸಿರಿಧಾನ್ಯ ವರ್ಷ ಎಂದು ಊರೆಲ್ಲ ಕರೆಯಿತು, ಆ ಪದ ಇನ್ನು ಎಲ್ಲಿಗೂ ಹೋಗುವುದಿಲ್ಲ. ಆದರೆ ಇಲ್ಲಿ ಆ ಜಗಳದ ಅಗತ್ಯವೇ ಇಲ್ಲ. ಗುಗ್ಗರಿ ಅಂದಮೇಲೆ ಕಾಳು ಬಂದೇ ಬಂತು. ‘ಧಾನ್ಯ’ ಸುಮ್ನೆ ಭಾರ.

‘ಶರತ್ಕಾಲ’ವನ್ನೂ ಕೈಬಿಡಿ. ಇಂಗ್ಲಿಷಿನವರ ಆಟಮ್ ಎಲೆ ಉದುರುವ ಕಾಲ. ಶಿರಸಿ, ಯಲ್ಲಾಪುರದ ಕಾಡು ಎಲೆ ಉದುರಿಸುವುದು ಚಳಿ ಕಳೆಯುವ ಹೊತ್ತಿಗೆ, ಶಿಶಿರದಲ್ಲಿ. ನಮ್ಮ ಶರದೃತು ಆಶ್ವೀಜ, ಕಾರ್ತಿಕ. ಮಳೆ ಹಿಂದೆ ಸರಿದು ನವರಾತ್ರಿ, ದೀಪಾವಳಿ, ಭತ್ತದ ಕೊಯ್ಲು ಬರುವ ಕಾಲ. ಹಾಗಾಗಿ ‘ಎಲೆಯುದುರು ಕಾಲದ’ ಎಂಬ ಸಲಹೆ ಇನ್ನೂ ತಪ್ಪು.

ಇನ್ನು ‘ಸಲಾಡ್ ಅನ್ನಿ, ಸಾಕು, ಕರಾವಳಿ ಯಾವತ್ತೂ ಎರವಲು ತಂದಿದೆ’ ಎಂದವರ ಮಾತು. ತಂದಿದೆ, ಒಪ್ಪುತ್ತೇನೆ. ಬಟಾಟೆ, ಅನಾನಸ್ ಪೋರ್ಚುಗೀಸರಿಂದ ಬಂದ ಪದಗಳು. ಪದದ ಜೊತೆಗೆ ವಸ್ತುವೂ ಹೊಸದಾಗಿ ಬಂತು, ಹೆಸರಿಲ್ಲದ್ದಕ್ಕೆ ಹೆಸರು ಸಿಕ್ಕಿತು. ಬೇಯಿಸಿದ ಗೋಧಿ ಹಡಗಿನಲ್ಲಿ ಬಂದದ್ದಲ್ಲ. ಇರುವ ಪದವನ್ನು ಮೂಲೆಗೆ ತಳ್ಳಿ ತರುವ ಎರವಲಿಗೆ ನನ್ನ ವಿರೋಧವಿದೆ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಅಷ್ಟಕ್ಕೂ ಸಲಾಡ್‌ನ ಮೂಲ ಲ್ಯಾಟಿನ್ನಿನ ‘ಸಾಲ್’, ಅಂದರೆ ಉಪ್ಪು. ಉಪ್ಪು ಹಾಕಿದ್ದು ಅನ್ನುವುದಷ್ಟೇ ಅದರ ಅರ್ಥ. ಗುಗ್ಗರಿ ಅದಕ್ಕಿಂತ ಜಾಸ್ತಿ ಹೇಳುತ್ತದೆ.

ಬೋರ್ಡಿಗೆ ಹೀಗೆ ಬರೆಸಿ: ‘ಸಿಹಿಗುಂಬಳದ ಗೋಧಿ ಗುಗ್ಗರಿ’. ಬರೀ ‘ಕುಂಬಳ’ ಎಂದರೆ ಬೂದಿಗುಂಬಳ ಅಂದುಕೊಳ್ಳುವವರಿದ್ದಾರೆ, ‘ಸಿಹಿ’ ಬಿಡಬೇಡಿ. ಪ್ರವಾಸಿಗರಿಗೆ ಬೇಕಿದ್ದರೆ ಕೆಳಗೆ ಇಂಗ್ಲಿಷ್ ಇರಲಿ, ಸಣ್ಣ ಅಕ್ಷರದಲ್ಲಿ. ಪೇಂಟರ್‌ಗೆ ಗಕಾರದ ಒತ್ತು ತೋರಿಸಿಕೊಡಿ, ‘ಗುಗರಿ’ ಆಗಬಾರದು.