ಸಮಸ್ಯೆ: ಕೊಂದ ಕೈಯೇ ನೊಂದುಕೊಂಡಿತು

ಮಾಟುಂಗಾ: ಒಬ್ಬರು ಕೊನೆ ಸಾಲು ಕೊಡುವುದು, ಬೇರೆ ಊರಿನವರು ಉಳಿದ ಸಾಲು ಕಟ್ಟುವುದು, ಇದೇ ನಮ್ಮ ಆಟ. ಈ ವಾರದ್ದು ಭಾಮಿನಿ ಷಟ್ಪದಿಯ, ಅಂದರೆ 3-4 ಮಾತ್ರೆಯ ಗಣಗಳ ಆರು ಸಾಲಿನ ಪದ್ಯದ, ಕೊನೆ ಸಾಲು.

ಕೊಂದ ಕೈಯೇ ನೊಂದುಕೊಂಡಿತು ಗೆದ್ದ ಮರುಗಳಿಗೆ

ಷರತ್ತು ಒಂದೇ, ಪದ್ಯದಲ್ಲಿ ವಿಕರ್ಣ ಅನ್ನೋ ಹೆಸರು ಬರಬೇಕು. ಮಗನಿಗೆ ಕರ್ಣ ಅಂತ ಇಡುವವರು ಸಿಗುತ್ತಾರೆ, ವಿಕರ್ಣನನ್ನು ಯಾವ ನಾಮಕರಣದಲ್ಲೂ ಕಾಣೆ. ದುರ್ಯೋಧನನ ತಮ್ಮ ಅಲ್ವಾ, ಯಾರಿಗೆ ಬೇಕು!

ಡೊಂಬಿವಲಿ: ಲೋಕಲ್‌ನಲ್ಲಿ ನಿಂತುಕೊಂಡೇ ಬರೆದದ್ದು, ಅರ್ಧ ಷಟ್ಪದಿ ಸಾಕಲ್ಲ?

ಸಂದಿಗೊಂದಿಯ ಚಾಳಿನಿರುಳಲಿ
ಬಂದ ಸೊಳ್ಳೆಗೆ ಗೋಡೆ ಗುದ್ದಲು
ಕೊಂದ ಕೈಯೇ ನೊಂದುಕೊಂಡಿತು ಗೆದ್ದ ಮರುಗಳಿಗೆ

ಮಾಟುಂಗಾ: ಪ್ರಾಸ ಕೂತಿದೆ. ವಿಕರ್ಣ ಎಲ್ಲಿ ಸ್ವಾಮಿ?

ಡೊಂಬಿವಲಿ: ಸೊಳ್ಳೆಯ ಹೆಸರೇ ಅದು.

ಪುಣೆ: ತಮಾಷೆ ಇರಲಿ, ಈ ಹೆಸರು ಛಂದಸ್ಸಿಗೆ ಸುಲಭಕ್ಕೆ ಬಗ್ಗುವುದಿಲ್ಲ. ವಿಕರ್ಣ ಅಂದರೆ ಲಘು-ಗುರು-ಲಘು (ಲಘು 1 ಮಾತ್ರೆಯ ಅಕ್ಷರ, ಗುರು 2ರದ್ದು), ಷಟ್ಪದಿಯಲ್ಲಿ ಗಣ, ಅಂದರೆ ಮಾತ್ರೆಗಳ ಗುಂಪು, ಹಾಗೆ ಶುರುವಾಗುವಂತಿಲ್ಲ, ಹಾಗಾಗಿ 'ವಿ'ಯನ್ನು ಹಿಂದಿನ 3 ಮಾತ್ರೆಯ ಗಣಕ್ಕೆ ತಳ್ಳಿ 'ಕರ್ಣನು' ಅನ್ನೋದನ್ನು 4ರ ಗಣ ಮಾಡಬೇಕು. 'ಆ ವಿಕರ್ಣನು' ಅಂದರೂ ಲೆಕ್ಕ ಸರಿಹೋಗುತ್ತೆ, ಆದರೆ ಆ 'ಆ' ಸುಮ್ನೆ ಜಾಗ ತುಂಬೋಕೆ ಬಂದದ್ದು ಅಂತ ಗೊತ್ತಾಗಿಬಿಡುತ್ತೆ. 'ಅದೇ' ಅಂತ ಇಟ್ಟಿದ್ದೇನೆ.

ಅಂದು ಸಭೆಯಲಿ ನೂರು ಮಂದಿಯೊ
ಳೊಂದು ದನಿಯೆದ್ದಿತ್ತು ಧರುಮಕೆ
ನಿಂದು ನುಡಿದನು ಹಿರಿಯರೆಲ್ಲರು ಮೂಕರಾಗಿರಲು
ಬಂದನೆದುರಿಗದೇ ವಿಕರ್ಣನು
ಸಂದಿತಾದರು ಭೀಮಭಾಷೆಯು
ಕೊಂದ ಕೈಯೇ ನೊಂದುಕೊಂಡಿತು ಗೆದ್ದ ಮರುಗಳಿಗೆ

ಮೊದಲರ್ಧ ಜೂಜಿನ ಸಭೆಯದ್ದು, ಉಳಿದದ್ದು ಕುರುಕ್ಷೇತ್ರ ಯುದ್ಧದ 14ನೇ ದಿನದ ಕಥೆ. ನೂರು ಜನರನ್ನೂ ಕೊಲ್ಲುವ ಪ್ರತಿಜ್ಞೆ ಇತ್ತಲ್ಲ, ಅದಕ್ಕಾಗಿ ನಿನ್ನನ್ನೂ ಕೊಂದೆ ಅಂತ ಭೀಮ ಮರುಗುವುದು ದ್ರೋಣಪರ್ವದಲ್ಲಿದೆ.

ವಾಸ್ಕೊ: ಪದ್ಯ ಚೆನ್ನಾಗಿದೆ. ಆದರೆ 'ಹಿರಿಯರೆಲ್ಲರು ಮೂಕರು' ಅಂದರೆ ಹೇಗೆ? ವಿದುರ ಮಾತಾಡಿದ್ದಾನೆ.

ಪುಣೆ: ಮಾತಾಡಿದ್ದಾನೆ, ಹೌದು. ಆದರೆ ಹಾಗೆ ದೂರುವವನು ವಿಕರ್ಣನೇ. ಭೀಷ್ಮ, ಧೃತರಾಷ್ಟ್ರ, ವಿದುರ, ದ್ರೋಣ, ಕೃಪ ಅಂತ ಹೆಸರು ಹಿಡಿದು, ಜೂಜಿನಲ್ಲಿ ನಾನು ನಿಜಕ್ಕೂ ಸೋತುಹೋದವಳೇ ಅನ್ನುವ ದ್ರೌಪದಿಯ ಪ್ರಶ್ನೆಗೆ ಇವರು ಯಾರೂ ಉತ್ತರ ಕೊಡುತ್ತಿಲ್ಲ ಅನ್ನುತ್ತಾನೆ. ಆಮೇಲೆ ವಾದ ಹೂಡುವುದು ನೋಡಿ: ಜೂಜಿನ ಚಟಕ್ಕೆ ಬಿದ್ದ ರಾಜ ಮಾಡಿದ್ದು ಲೆಕ್ಕಕ್ಕಿಲ್ಲ, ತನ್ನನ್ನೇ ಸೋತ ಮೇಲೆ ಹೆಂಡತಿಯನ್ನು ಪಣ ಇಟ್ಟಿದ್ದಾನೆ, ಅವಳು ಐವರಿಗೂ ಹೆಂಡತಿ, ಅದೂ ಪಣ ಇಡು ಅಂತ ಎತ್ತಿಕೊಟ್ಟವನು ಶಕುನಿ. ಇಷ್ಟು ಬಿಗಿಯಾದ ವಾದ ಆ ಸಭೆಯಲ್ಲಿ ಇನ್ನೊಬ್ಬರದ್ದಿಲ್ಲ ಅಂತ ನನಗನ್ನಿಸುತ್ತೆ. ಕರ್ಣ ಮಾತ್ರ ಹುಡುಗು ಬುದ್ಧಿ ಅಂತ ಬೈದು ಕೂರಿಸಿದ.

ಡೊಂಬಿವಲಿ: ಸೊಳ್ಳೆ ಪದ್ಯ ವಾಪಸ್ ತಗೊಂಡೆ.

ಮಾಟುಂಗಾ: ಬೇಡ, ಅದೂ ಇರಲಿ. ಮುಂದಿನ ವಾರ ಯುಯುತ್ಸು, ಧೃತರಾಷ್ಟ್ರನ ಮಗನೇ ಆದರೂ ಯುದ್ಧಕ್ಕೆ ಮೊದಲೇ ಪಾಂಡವರ ಕಡೆ ಹೋದವನು. ಅವನದ್ದೂ ಲಘು-ಗುರು-ಲಘುವೇ. ಸಾಲು ವಾಸ್ಕೊದವರು ಕೊಡಿ.